ಸರ್ವರ್ ಯಾವ ದೇಶದಲ್ಲಿದೆ ಎಂದು ಕೇಳುವ ಮೊದಲು: ಗೂಢಲಿಪಿ ಸಂವಹನ ಸೇವೆ ಆರಿಸಿಕೊಳ್ಳಲು ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

2025ರ ಏಪ್ರಿಲ್ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್, ಸ್ವಿಟ್ಜರ್ಲೆಂಡಿನ ಗೂಢಲಿಪಿ ಇಮೇಲ್ ಸೇವೆಯಾದ ಪ್ರೋಟಾನ್ ಮೇಲ್ ಅನ್ನು ದೇಶದಲ್ಲಿ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳನ್ನು ಗುರಿಯಾಗಿಸಿ ಅಶ್ಲೀಲ ಇಮೇಲ್‌ಗಳು ಬಂದಿದ್ದವು. ಸರ್ವರ್ ಹೊರದೇಶದಲ್ಲಿರುವುದರಿಂದ ಕಳುಹಿಸಿದವರನ್ನು ಪತ್ತೆಹಚ್ಚಲು ಆಗುತ್ತಿಲ್ಲ ಎಂಬುದು ಅರ್ಜಿದಾರರ ವಾದದ ಒಂದು ಭಾಗವಾಗಿತ್ತು. ಆ ಸುದ್ದಿ ಬಂದ ವಾರ ಮಡಿಕೇರಿಯ ಹತ್ತಿರ ಹೋಂಸ್ಟೇ ನಡೆಸುವ ಪರಿಚಯದ ಅಕ್ಕ ಗಾಬರಿಯಿಂದ ಫೋನ್ ಮಾಡಿದರು. ಮನೆಯ ಜಮೀನಿನ ದಾವೆಗೆ ಸಂಬಂಧಿಸಿದ ಪತ್ರವ್ಯವಹಾರವೆಲ್ಲ ಅವರ ಪ್ರೋಟಾನ್ ಖಾತೆಯಲ್ಲಿತ್ತು. "ಸ್ವಿಟ್ಜರ್ಲೆಂಡಿನಲ್ಲಿದೆ, ಯಾರ ಕೈಗೂ ಸಿಗುವುದಿಲ್ಲ ಎಂದು ಮಗ ಮಾಡಿಕೊಟ್ಟಿದ್ದ. ಈಗ ನನ್ನ ಕೈಗೇ ಸಿಗದೆ ಹೋದರೆ ಏನು ಮಾಡಲಿ?" ಎಂದರು.

ಅವರ ಆ ಪ್ರಶ್ನೆಯಿಂದಲೇ ಈ ಬರಹ ಹುಟ್ಟಿತು. ಗೂಢಲಿಪಿಯ (ಎನ್‌ಕ್ರಿಪ್ಶನ್) ಸೇವೆ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಸರ್ವರ್ ಯಾವ ದೇಶದಲ್ಲಿದೆ ಎಂದು. ನನ್ನ ಅನುಭವದಲ್ಲಿ ಅದು ಮೂರನೆಯ ಪ್ರಶ್ನೆ. ಸಂದೇಶವನ್ನು ಬಿಡಿಸಿ ಓದುವ ಕೀಲಿ ಯಾರ ಬಳಿ ಇದೆ ಎಂಬುದು ಮೊದಲನೆಯದು, ಸರ್ವರಿಗೆ ನಿಮ್ಮ ಬಗ್ಗೆ ಏನೇನು ಗೊತ್ತು ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯುವ ಅಪಾಯವೆಷ್ಟೋ ಅಷ್ಟಕ್ಕೆ ಮಾತ್ರ ದೇಶದ ಲೆಕ್ಕ ಬರುತ್ತದೆ.

ಹಂತ 1: ಒಂದು ಹಾಳೆ ತೆಗೆದುಕೊಳ್ಳಿ

ಆ್ಯಪ್ ಇಳಿಸಿಕೊಳ್ಳುವ ಮೊದಲು, ನಿಮ್ಮ ಫೋನಿನಲ್ಲಿ ಇರುವುದೇನು, ಅದು ಯಾರ ಕಣ್ಣಿಗೆ ಬೀಳಬಾರದು ಎಂದು ಎರಡು ಸಾಲುಗಳಲ್ಲಿ ಬರೆಯಿರಿ. ಇದನ್ನು ಬಿಟ್ಟವರು ಎಲ್ಲವನ್ನೂ ಬಚ್ಚಿಡಲು ಹೊರಟು ಯಾವುದನ್ನೂ ಸರಿಯಾಗಿ ಕಾಪಾಡಿಕೊಳ್ಳದೆ ಹೋಗುವುದನ್ನು ನೋಡಿದ್ದೇನೆ.

ಹೋಂಸ್ಟೇ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಿದೇಶಿ ಅತಿಥಿ ಬಂದರೆ, ಸಿ ಫಾರಂ ಎಂದೇ ನಾವು ಕರೆಯುವ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಪಾಸ್‌ಪೋರ್ಟ್ ಮಾಹಿತಿ ಸರ್ಕಾರಕ್ಕೆ ಕಾನೂನುಬದ್ಧವಾಗಿಯೇ ಹೋಗುತ್ತದೆ, ಅಲ್ಲಿ ಮುಚ್ಚಿಡುವುದಕ್ಕೆ ಏನೂ ಇಲ್ಲ. ಅಪಾಯವಿರುವುದು ಆ ಪಾಸ್‌ಪೋರ್ಟಿನ ಚಿತ್ರ ನಿಮ್ಮ ವಾಟ್ಸ್‌ಆ್ಯಪ್‌ನಲ್ಲಿ, ಮ್ಯಾನೇಜರನ ಫೋನಿನಲ್ಲಿ, ಟ್ಯಾಕ್ಸಿ ಚಾಲಕನ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಉಳಿಯುವುದರಲ್ಲಿ. ಅದಕ್ಕೆ ಸ್ವಿಸ್ ಸರ್ವರ್ ಮದ್ದಲ್ಲ, ಅಳಿಸುವ ಅಭ್ಯಾಸವೇ ಮದ್ದು.

ತೋಟದ ಮಾಲೀಕರ ಹಾಳೆ ಬೇರೆ. ಲೈನ್ ಮನೆಗಳಲ್ಲಿರುವ ಕಾರ್ಮಿಕರ ಆಧಾರ್ ಪ್ರತಿಗಳು, ಕೂಲಿಯ ಲೆಕ್ಕ, ಬ್ಯಾಂಕ್ ಖಾತೆ, ಜಮ್ಮಾ ಜಾಗದ ಪಾಲಿನ ಕಾಗದಗಳು ಅದರಲ್ಲಿರುತ್ತವೆ. ವಕೀಲರ ಹಾಳೆಯಲ್ಲಿ ಕಕ್ಷಿದಾರರ ಮಾತುಗಳು, ವರದಿಗಾರರ ಹಾಳೆಯಲ್ಲಿ ಮಾಹಿತಿ ಕೊಟ್ಟವರ ಹೆಸರುಗಳು. ಈ ಕೊನೆಯ ಇಬ್ಬರಿಗೆ ಸರ್ಕಾರದ ಕಣ್ಗಾವಲು ನಿಜವಾದ ಪ್ರಶ್ನೆ. ಮುಂದಿನ ಹಂತಗಳನ್ನು ಅವರು ಪೂರ್ತಿ ಓದಲಿ, ಉಳಿದವರು ತಮ್ಮ ಹಾಳೆಗೆ ಬೇಕಾದಷ್ಟನ್ನು ತೆಗೆದುಕೊಳ್ಳಲಿ.

ಹಂತ 2: ನಮ್ಮ ಕಾನೂನು ಏನು ಮಾಡಬಲ್ಲದು ಎಂದು ತಿಳಿದಿರಿ

ಫೋನ್ ಕದ್ದಾಲಿಕೆ ಕನ್ನಡಿಗರಿಗೆ ಹೊಸ ಪದವಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಹುದ್ದೆ ಬಿಟ್ಟದ್ದು ಅದೇ ಆರೋಪದ ಮೇಲೆ. ಆಗ ಇದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಂ. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಟ್ಟುಪಾಡು ಹಾಕಿತು: ಆದೇಶ ಗೃಹ ಕಾರ್ಯದರ್ಶಿಯ ಮಟ್ಟದಿಂದಲೇ ಹೊರಡಬೇಕು, ಅವಧಿಗೆ ಮಿತಿ ಇರಬೇಕು, ಪರಿಶೀಲನಾ ಸಮಿತಿ ನೋಡಬೇಕು. ಈಗ ಆ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳು ಬಂದಿವೆ. ಕಂಪ್ಯೂಟರ್ ಮತ್ತು ಇಂಟರ್ನೆಟ್ ಮಾಹಿತಿಗೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಂ ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಕಲಂನ ಅಡಿಯಲ್ಲಿ 10 ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು.

ಇದರಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲನೆಯದಾಗಿ, ಈ ದಾರಿಯಲ್ಲಿ ಎಲ್ಲಿಯೂ ನ್ಯಾಯಾಧೀಶರಿಲ್ಲ. ಆದೇಶ ಹೊರಡಿಸುವವರೂ ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ನಂತರವೂ ಈ ವ್ಯವಸ್ಥೆ ಹಾಗೆಯೇ ಉಳಿದಿರುವುದು ನನಗೆ ನೋವಿನ ವಿಷಯ. ಎರಡನೆಯದಾಗಿ, 69ನೇ ಕಲಂ ಗೂಢಲಿಪಿ ಬಿಡಿಸಲು ನೆರವಾಗುವಂತೆ ಯಾರಿಗೆ ಬೇಕಾದರೂ ಹೇಳಬಲ್ಲದು, ಒಪ್ಪದಿದ್ದರೆ ಏಳು ವರ್ಷದವರೆಗೆ ಸೆರೆವಾಸವಿದೆ. ಅಂಥ ಆದೇಶ ನಿಮ್ಮ ಕೈಗೆ ಬಂದರೆ ಏನನ್ನೂ ಅಳಿಸಬೇಡಿ, ಮೊದಲು ವಕೀಲರನ್ನು ಕಾಣಿರಿ. ಈ ಬರಹದಲ್ಲಿರುವ ಅಳಿಸುವ ಸಲಹೆಗಳೆಲ್ಲ ದಿನನಿತ್ಯದ ಶಿಸ್ತಿಗೆ ಸಂಬಂಧಿಸಿದವು.

ಯಾರಿಗೆ, ಯಾವಾಗ, ಎಷ್ಟು ಹೊತ್ತು ಕರೆ ಮಾಡಿದಿರಿ ಎಂಬ ಕರೆ ವಿವರಗಳ ದಾಖಲೆಗೆ ಗೃಹ ಕಾರ್ಯದರ್ಶಿಯ ಆದೇಶವೂ ಬೇಕಾಗಿಲ್ಲ. ದೂರಸಂಪರ್ಕ ಕಂಪನಿಗಳು ಅದನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಂಡಿರಬೇಕು ಎಂಬ ಷರತ್ತು 2021ರಿಂದ ಇದೆ.

ಹಂತ 3: ಮೂಟೆಯ ಬಾಯಿ ಹೊಲಿದವರು ಯಾರು?

ಕರಿಮೆಣಸಿನ ಮೂಟೆ ಕಳುಹಿಸುವುದನ್ನು ನೆನಪಿಸಿಕೊಳ್ಳಿ. ಲಾರಿಗೆ ಟಾರ್ಪಾಲು ಹೊದಿಸಿದರೆ ದಾರಿಯಲ್ಲಿ ಹೋಗುವವರಿಗೆ ಒಳಗಿನ ಸರಕು ಕಾಣುವುದಿಲ್ಲ. ಗೋದಾಮಿಗೆ ಬಂದಾಗ ಮಾತ್ರ ಅಲ್ಲಿನವರು ಟಾರ್ಪಾಲು ಸರಿಸಿ, ಮೂಟೆ ಬಿಚ್ಚಿ, ನೋಡಿ, ಮತ್ತೆ ಕಟ್ಟಿ ಕಳುಹಿಸಬಹುದು. ಜಿಮೇಲ್ ಮತ್ತು ಟೆಲಿಗ್ರಾಂನ ಸಾಮಾನ್ಯ ಚಾಟ್ ಹೀಗೆ: ದಾರಿಯಲ್ಲಿ ರಕ್ಷಣೆ ಇದೆ, ಸರ್ವರಿನಲ್ಲಿ ಕಂಪನಿಯ ಬಳಿ ಕೀಲಿ ಇದೆ.

ಇನ್ನೊಂದು ಬಗೆಯಲ್ಲಿ, ತೋಟದಲ್ಲೇ ಮೂಟೆಯ ಬಾಯಿ ಹೊಲಿದು ಬೀಗಮುದ್ರೆ ಒತ್ತುತ್ತೀರಿ. ಕೊಂಡವರು ಮಾತ್ರ ಬಿಚ್ಚಬಲ್ಲರು. ಗೋದಾಮಿನವರ ಕೈಯಲ್ಲಿ ಇರುವುದು ಚೀಟಿಯೊಂದೇ: ಯಾರಿಂದ, ಯಾರಿಗೆ, ಎಷ್ಟು ತೂಕ, ಯಾವ ದಿನ. ಇದೇ ಎಂಡ್-ಟು-ಎಂಡ್ ಗೂಢಲಿಪಿ. ಸಿಗ್ನಲ್ ಎಂಬ ಸಂದೇಶ ಆ್ಯಪ್‌ನ ಎಲ್ಲ ಸಂದೇಶ ಮತ್ತು ಕರೆಗಳು ಹೀಗಿವೆ. ವಾಟ್ಸ್‌ಆ್ಯಪ್ ಕೂಡ 2016ರಿಂದ ಸಿಗ್ನಲ್‌ನದೇ ವಿಧಾನವನ್ನು ಬಳಸುತ್ತಿದೆ. ಟೆಲಿಗ್ರಾಂನಲ್ಲಿ ಸೀಕ್ರೆಟ್ ಚಾಟ್ ಎಂದು ಬೇರೆಯಾಗಿ ತೆರೆದರೆ ಮಾತ್ರ ಈ ರಕ್ಷಣೆ ಇದೆ, ಅದರ ಗುಂಪುಗಳಿಗೆ ಇಲ್ಲವೇ ಇಲ್ಲ. ಟೆಲಿಗ್ರಾಂ ಎಂದರೆ ಗುಟ್ಟಿನ ಆ್ಯಪ್ ಎಂಬ ತಪ್ಪು ನಂಬಿಕೆ ನಮ್ಮಲ್ಲಿ ಬಹಳ ಇದೆ, ದಯವಿಟ್ಟು ಅದನ್ನು ಬಿಡಿ. ಎಸ್‌ಎಂಎಸ್ ಮತ್ತು ಸಾಮಾನ್ಯ ಫೋನ್ ಕರೆಗೆ ಹೊಲಿಗೆಯೇ ಇಲ್ಲ.

ಪ್ರೋಟಾನ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪ್ರೋಟಾನ್ ಖಾತೆಯಿಂದ ಪ್ರೋಟಾನ್ ಖಾತೆಗೆ ಹೋದ ಪತ್ರದ ಒಡಲು ಹೊಲಿದ ಮೂಟೆ. ಆದರೆ ವಿಷಯದ ಸಾಲು ಹೊಲಿಗೆಯ ಹೊರಗಿರುತ್ತದೆ. ಅಕ್ಕನ ವಕೀಲರು ಜಿಮೇಲ್ ಬಳಸುತ್ತಿದ್ದರು, ಹೀಗಾಗಿ ಇಷ್ಟು ವರ್ಷ ಅವರು ಬರೆದ ಪ್ರತಿ ಪತ್ರದ ಓದಬಲ್ಲ ಪ್ರತಿಯೊಂದು ಅಮೆರಿಕದ ಕಂಪನಿಯೊಂದರ ಸರ್ವರಿನಲ್ಲಿ ಕುಳಿತಿತ್ತು. ಇದನ್ನು ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಹಂತ 4: ಚೀಟಿಯಲ್ಲಿ ಏನೇನು ಬರೆದಿದೆ?

ಮೂಟೆ ಬಿಚ್ಚಲಾಗದ ಸರ್ಕಾರ ಚೀಟಿಯನ್ನು ಕೇಳುತ್ತದೆ. ಮೆಟಾಡೇಟಾ ಎಂದರೆ ಇದೇ. ವರದಿಗಾರರೊಬ್ಬರು ಅರಣ್ಯ ಇಲಾಖೆಯ ನೌಕರರೊಬ್ಬರಿಗೆ ಒಂದೇ ರಾತ್ರಿ ನಾಲ್ಕು ಬಾರಿ ಸಂದೇಶ ಕಳುಹಿಸಿದ್ದಾರೆ, ಮರುದಿನ ಮರಗಳ್ಳತನದ ಸುದ್ದಿ ಬಂದಿದೆ ಎಂದಾದರೆ ಒಳಗೆ ಏನು ಬರೆದಿತ್ತೆಂದು ಯಾರೂ ಓದಬೇಕಾಗಿಲ್ಲ.

ಈ ವಿಷಯದಲ್ಲಿ ನಡೆದ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದು ಸಿಗ್ನಲ್ ನಡೆಸುವವರಿಗೆ ಬಳಕೆದಾರರ ಮಾಹಿತಿ ಕೊಡಲು ಆದೇಶಿಸಿತು. ಅವರು ಕೊಡಲು ಸಾಧ್ಯವಾದದ್ದು ಎರಡೇ ಸಂಗತಿ: ಖಾತೆ ತೆರೆದ ಸಮಯ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಬೇರೇನನ್ನೂ ಅವರು ಬರೆದಿಟ್ಟುಕೊಂಡಿರಲಿಲ್ಲ. ಇನ್ನು 2021ರಲ್ಲಿ ಫ್ರಾನ್ಸಿನ ಪರಿಸರ ಹೋರಾಟಗಾರರೊಬ್ಬರ ವಿಷಯದಲ್ಲಿ ಫ್ರೆಂಚ್ ಪೊಲೀಸರ ಕೋರಿಕೆ ಯುರೋಪಿನ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ ಮೂಲಕ ಸ್ವಿಟ್ಜರ್ಲೆಂಡಿಗೆ ತಲುಪಿ, ಅಲ್ಲಿನ ಅಧಿಕಾರಿಗಳು ಹೊರಡಿಸಿದ ಆದೇಶಕ್ಕೆ ಒಳಪಟ್ಟು ಪ್ರೋಟಾನ್ ಆ ಖಾತೆಯ ಐಪಿ ವಿಳಾಸವನ್ನು (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ದಾಖಲಿಸಿ ಒಪ್ಪಿಸಬೇಕಾಯಿತು. ಪತ್ರಗಳ ಒಳಗಿನದು ಹೊರಬೀಳಲಿಲ್ಲ, ವ್ಯಕ್ತಿಯ ಗುರುತು ಸಿಕ್ಕಿತು.

ಕಣ್ಗಾವಲಿನ ಕಾನೂನು ಬಲವಾಗಿರುವ ಅಮೆರಿಕದ ಸೇವೆಯಿಂದ ಎರಡು ದಿನಾಂಕ ಸಿಕ್ಕವು, ಖಾಸಗಿತನಕ್ಕೆ ಹೆಸರಾದ ಸ್ವಿಟ್ಜರ್ಲೆಂಡಿನ ಸೇವೆಯಿಂದ ಐಪಿ ವಿಳಾಸ ಸಿಕ್ಕಿತು. ನಾನು ದೇಶದ ಪ್ರಶ್ನೆಯನ್ನು ಮೂರನೆಯ ಸ್ಥಾನಕ್ಕೆ ಇಳಿಸಿದ್ದು ಈ ಕಾರಣಕ್ಕೆ. ಪ್ರೋಟಾನ್ ಬಗ್ಗೆ ನನಗೆ ದೂರಿಲ್ಲ. ಇಮೇಲ್ ಎಂಬುದೇ ಚೀಟಿ ತುಂಬ ಬರಹ ಇರುವ ಹಳೆಯ ವ್ಯವಸ್ಥೆ.

ಸೇವೆ ಆರಿಸುವಾಗ ಅದರ ಖಾಸಗಿತನದ ನೀತಿಯನ್ನು ತೆರೆದು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿ:

- ಫೋನ್ ನಂಬರ್ ಬೇಕೇ? ಬೇಕಾದರೆ ಬೇರೆಯವರಿಗೆ ಕಾಣದಂತೆ ಮುಚ್ಚಿಡಬಹುದೇ? (ಸಿಗ್ನಲ್‌ನಲ್ಲಿ 2024ರಿಂದ ಬಳಕೆದಾರ ಹೆಸರು ಇಟ್ಟುಕೊಂಡು ನಂಬರ್ ಮರೆಮಾಡಬಹುದು.)
- ಐಪಿ ವಿಳಾಸವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?
- ನಿಮ್ಮ ಸಂಪರ್ಕ ಪಟ್ಟಿ ಅವರ ಸರ್ವರಿಗೆ ಹೋಗುತ್ತದೆಯೇ?
- ಸರ್ಕಾರಗಳಿಂದ ಬಂದ ಕೋರಿಕೆಗಳ ಪಾರದರ್ಶಕತಾ ವರದಿಯನ್ನು ಪ್ರಕಟಿಸುತ್ತಾರೆಯೇ?
- ಆ್ಯಪ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಹೊರಗಿನ ತಜ್ಞರ ಪರಿಶೀಲನೆಗೆ ಮುಕ್ತವಾಗಿದೆಯೇ?

ಹಂತ 5: ಈಗ ದೇಶವನ್ನು ನೋಡಿ, ಒಂದಲ್ಲ ಮೂರು

ಯಂತ್ರ ಇರುವ ದೇಶ, ಕಂಪನಿ ನೋಂದಣಿಯಾದ ದೇಶ, ನೀವು ಕುಳಿತಿರುವ ದೇಶ. ಜಾಹೀರಾತುಗಳು ಮೊದಲನೆಯದನ್ನಷ್ಟೇ ಹೇಳುತ್ತವೆ.

ಯಂತ್ರ ಒಂದು ಕಡೆ, ಕಂಪನಿ ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್ ಪ್ರಕರಣ ಪಾಠದಂತಿದೆ. 2013ರಲ್ಲಿ ಅಮೆರಿಕದ ಅಧಿಕಾರಿಗಳು ಐರ್ಲೆಂಡಿನ ಡಬ್ಲಿನ್ ಸರ್ವರಿನಲ್ಲಿದ್ದ ಇಮೇಲ್‌ಗಳನ್ನು ಕೇಳಿದರು. ಯಂತ್ರ ಬೇರೆ ದೇಶದಲ್ಲಿದೆ ಎಂದು ಕಂಪನಿ ಒಪ್ಪಲಿಲ್ಲ, 2016ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು ಕೂಡ. ಆದರೆ 2018ರ ಮಾರ್ಚ್‌ನಲ್ಲಿ ಬಂದ ಕ್ಲೌಡ್ ಆ್ಯಕ್ಟ್, ದತ್ತಾಂಶ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅಮೆರಿಕದ ಕಂಪನಿ ಕಾನೂನುಬದ್ಧ ಆದೇಶಕ್ಕೆ ಒಪ್ಪಿಸಬೇಕು ಎಂದುಬಿಟ್ಟಿತು. ಆದ್ದರಿಂದ ಅಮೆರಿಕದ ಕಂಪನಿಯೊಂದು ಸರ್ವರ್ ಯುರೋಪಿನಲ್ಲಿದೆ ಎಂದು ಹೇಳಿದರೆ ಅದಕ್ಕೆ ಹೆಚ್ಚು ತೂಕ ಕೊಡಬೇಡಿ.

ಹಾಗೆಂದು ಯಂತ್ರದ ಜಾಗ ಲೆಕ್ಕಕ್ಕೇ ಇಲ್ಲ ಎಂದಲ್ಲ. ಎನ್‌ಕ್ರೋಚಾಟ್ ಎಂಬ ಗೂಢಲಿಪಿ ಫೋನ್ ಸೇವೆಯ ಸರ್ವರ್‌ಗಳು ಫ್ರಾನ್ಸಿನ ರೂಬೇ ಊರಿನಲ್ಲಿದ್ದವು. ಅಪರಾಧ ಜಾಲಗಳು ಅದನ್ನು ಬಳಸುತ್ತಿದ್ದುದರಿಂದ ಫ್ರೆಂಚ್ ಪೊಲೀಸರು 2020ರಲ್ಲಿ ಆ ಸರ್ವರ್‌ಗಳ ಮೂಲಕವೇ ಫೋನುಗಳ ಒಳಕ್ಕೆ ತಂತ್ರಾಂಶ ಇಳಿಸಿ ಸಂದೇಶಗಳನ್ನು ಓದಿದರು. ಯಂತ್ರವನ್ನು ಮುಟ್ಟಬಲ್ಲವರು ಗೂಢಲಿಪಿಯನ್ನು ಒಡೆಯದೆಯೇ ಅದನ್ನು ಸುತ್ತುಹಾಕಿ ದಾಟಬಲ್ಲರು. ಕಂಪನಿಯನ್ನು ನಡೆಸುವ ವ್ಯಕ್ತಿಯ ಮೇಲೂ ಒತ್ತಡ ಬರುತ್ತದೆ. ಅಮೆರಿಕದ ರಹಸ್ಯ ಕಣ್ಗಾವಲನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡೆನ್ ಬಳಸುತ್ತಿದ್ದ ಲಾವಾಬಿಟ್ ಇಮೇಲ್ ಸೇವೆಯ ಕೀಲಿಯನ್ನೇ ಅಮೆರಿಕದ ಸರ್ಕಾರ ಕೇಳಿದಾಗ ಅದರ ಮಾಲೀಕ ಲಾಡರ್ ಲೆವಿಸನ್ 2013ರ ಆಗಸ್ಟ್‌ನಲ್ಲಿ ಸೇವೆಯನ್ನೇ ಮುಚ್ಚಿದರು. ಕೇಳಲು ಒಂದು ಕೀಲಿ ಕಂಪನಿಯ ಬಳಿ ಇದ್ದುದೇ ಅಲ್ಲಿನ ದೋಷ.

ಇನ್ನು ನೀವು ಕುಳಿತಿರುವ ದೇಶ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಸೇವೆ ಇಲ್ಲಿಯೇ ವಾಸಿಸುವ ಅಧಿಕಾರಿಗಳನ್ನು ನೇಮಿಸಬೇಕು. ಸಂದೇಶವೊಂದನ್ನು ಮೊದಲು ಕಳುಹಿಸಿದವರು ಯಾರು ಎಂದು ಗುರುತಿಸಿಕೊಡಬೇಕು ಎಂಬ ಅಂಶವೂ ಅದರಲ್ಲಿದೆ. ಅದನ್ನು ವಾಟ್ಸ್‌ಆ್ಯಪ್ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು, ಗೂಢಲಿಪಿ ಮುರಿಯಲು ಒತ್ತಾಯಿಸಿದರೆ ದೇಶ ಬಿಟ್ಟು ಹೋಗಬೇಕಾದೀತು ಎಂದು 2024ರಲ್ಲಿ ಅದರ ವಕೀಲರು ನ್ಯಾಯಾಲಯಕ್ಕೆ ಹೇಳಿದರು. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ಬಳಕೆದಾರರ ಐಪಿ ವಿಳಾಸ ಮರೆಮಾಡುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದಿತು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್ ಮುಂತಾದವು ತಮ್ಮ ಸರ್ವರ್‌ಗಳನ್ನು ಭಾರತದಿಂದ ಹೊರಗೆ ಒಯ್ದವು.

ಹೊರಗಿದ್ದವರಿಗೆ ಇನ್ನೊಂದು ಅಪಾಯವಿದೆ, ಅಕ್ಕನ ಗಾಬರಿ ಅದೇ. ಭಾರತದಲ್ಲಿ ಕೈಗೆ ಸಿಗುವ ಪ್ರತಿನಿಧಿ ಇಲ್ಲದ ಸೇವೆಯಿಂದ ಮಾಹಿತಿ ಪಡೆಯುವುದು ಸರ್ಕಾರಕ್ಕೆ ಕಷ್ಟ, ಅದರ ಬಾಗಿಲು ಮುಚ್ಚುವುದು ಸುಲಭ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬ್ರಯರ್, ಎಲಿಮೆಂಟ್, ತ್ರೀಮಾ ಸೇರಿದಂತೆ 14 ಆ್ಯಪ್‌ಗಳನ್ನು ಒಮ್ಮೆಗೇ ನಿರ್ಬಂಧಿಸಿತು. ಹಾಗಾಗಿ ಹೊರದೇಶದ ಸೇವೆ ಬಳಸುವವರು ಅದರಲ್ಲಿರುವ ಮುಖ್ಯ ಪತ್ರಗಳನ್ನು ತಿಂಗಳಿಗೊಮ್ಮೆ ಇಳಿಸಿ, ಪಾಸ್‌ವರ್ಡ್ ಹಾಕಿದ ಡ್ರೈವ್‌ನಲ್ಲಿ ಮನೆಯಲ್ಲೇ ಇಟ್ಟುಕೊಳ್ಳಬೇಕು. ಸಂಪರ್ಕಕ್ಕೆ ಎರಡನೆಯ ದಾರಿಯನ್ನೂ ಮೊದಲೇ ಮಾತಾಡಿಕೊಂಡಿರಬೇಕು.

ಹಂತ 6: ಬ್ಯಾಕಪ್

ಎಲ್ಲವನ್ನೂ ಸರಿ ಮಾಡಿ ಇಲ್ಲಿ ಸೋಲುವವರೇ ಹೆಚ್ಚು. ಹೊಲಿದ ಮೂಟೆ ನಿಮ್ಮ ಫೋನಿನಲ್ಲಿ ಬಿಚ್ಚಿಕೊಳ್ಳುತ್ತದೆ, ಫೋನ್ ಪ್ರತಿ ರಾತ್ರಿ ಅದರ ಪ್ರತಿಯನ್ನು ಗೂಗಲ್ ಅಥವಾ ಆ್ಯಪಲ್ ಸರ್ವರಿಗೆ ಕಳುಹಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಎಂದು ಹೋಗಿ ಎಂಡ್-ಟು-ಎಂಡ್ ಗೂಢಲಿಪಿಯ ಬ್ಯಾಕಪ್ ಚಾಲೂ ಮಾಡಿ. 2021ರಿಂದ ಈ ಸೌಲಭ್ಯವಿದೆ, ತಾನಾಗಿ ಚಾಲೂ ಆಗಿರುವುದಿಲ್ಲ. ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿ ಬಳಸುವುದಾದರೆ ಕಾಗದದ ಮೇಲೆ ಬರೆದು, ಮಳೆಗಾಲದ ತೇವ ತಗಲದ ಕಡೆ, ಜಮೀನಿನ ಪತ್ರಗಳ ಜೊತೆ ಇಡಿ. ಅದು ಕಳೆದರೆ ಬ್ಯಾಕಪ್ ಮರಳಿ ತೆರೆಯಲು ಕಂಪನಿಗೂ ಆಗುವುದಿಲ್ಲ.

ಐಫೋನ್‌ನಲ್ಲಿ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಚಾಲೂ ಮಾಡಿದರೆ ಐಕ್ಲೌಡ್ ಬ್ಯಾಕಪ್‌ಗೂ ಈ ರಕ್ಷಣೆ ಸಿಗುತ್ತದೆ. ಬ್ರಿಟನ್ ಸರ್ಕಾರ ಒಳದಾರಿ ಕೇಳಿದ ಕಾರಣ 2025ರ ಫೆಬ್ರುವರಿಯಲ್ಲಿ ಆ್ಯಪಲ್ ಈ ಸೌಲಭ್ಯವನ್ನು ಆ ದೇಶದಲ್ಲಿ ಹಿಂತೆಗೆದುಕೊಂಡಿತು. ಅಲ್ಲಿ ಮಕ್ಕಳಿರುವ ಮನೆಗಳು ಕೊಡಗಿನಲ್ಲಿ ಬಹಳ ಇವೆ. ನಿಮ್ಮ ಬ್ಯಾಕಪ್ ಭದ್ರವಾಗಿದ್ದರೂ ಆ ಬದಿಯ ಪ್ರತಿ ಹಾಗಿರದೆ ಇರಬಹುದು. ಅಂಥ ಸಂಭಾಷಣೆಗೆ ಸಂದೇಶ ತಾನಾಗಿ ಅಳಿಯುವ ಅವಧಿಯನ್ನು ಹೊಂದಿಸಿ.

ಹಂತ 7: ಕೈಯಲ್ಲಿರುವ ಫೋನ್

2019ರಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶ ವಾಟ್ಸ್‌ಆ್ಯಪ್ ಕರೆಯ ಲೋಪವೊಂದರ ಮೂಲಕ ಜಗತ್ತಿನಲ್ಲಿ ಸುಮಾರು 1,400 ಮಂದಿಯನ್ನು ಗುರಿ ಮಾಡಿತ್ತು, ಅವರಲ್ಲಿ ಭಾರತೀಯ ಪತ್ರಕರ್ತರೂ ಹೋರಾಟಗಾರರೂ ಇದ್ದರು. ಸರ್ವರ್ ಎಲ್ಲಿದ್ದರೂ ಆ ದಾಳಿಗೆ ವ್ಯತ್ಯಾಸವಾಗುತ್ತಿರಲಿಲ್ಲ. ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ. ಐಫೋನ್ ಬಳಸುವ ವರದಿಗಾರರು ಇಂಥ ದಾಳಿಯ ದಾರಿಗಳನ್ನು ಕಡಿಮೆ ಮಾಡುವ ಲಾಕ್‌ಡೌನ್ ಮೋಡ್ ಚಾಲೂ ಮಾಡಿಕೊಳ್ಳಲಿ. ಸಿಮ್ ಕದ್ದು ಖಾತೆ ಕಸಿಯದಂತೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆ, ಸಿಗ್ನಲ್‌ನಲ್ಲಿ ನೋಂದಣಿ ಬೀಗ ಹಾಕಿ.

ಲಿಂಕ್ ಆದ ಸಾಧನಗಳ ಪಟ್ಟಿಯನ್ನು ಈಗಲೇ ತೆರೆದು ನೋಡಿ. ಅಕ್ಕನ ಪಟ್ಟಿಯಲ್ಲಿ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಹುಡುಗ ಸ್ವಾಗತ ಕೋಣೆಯಲ್ಲಿ ಬಳಸುತ್ತಿದ್ದ ಕಂಪ್ಯೂಟರ್ ಇನ್ನೂ ಇತ್ತು. ಅದನ್ನು ಅಲ್ಲಿಗೆ ಬಂದ ಯಾರು ಬೇಕಾದರೂ ತೆರೆದು ನೋಡಬಹುದಿತ್ತು.

ಕೀಲಿ ಅದಲುಬದಲಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಎರಡೂ ಫೋನ್‌ಗಳಲ್ಲಿ ಭದ್ರತಾ ಸಂಖ್ಯೆಯ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಬೇಕು. ಎದುರುಬದುರು ಕುಳಿತೇ ಮಾಡಬೇಕಾದ ಕೆಲಸ ಇದು. ಪುತ್ತರಿಗೆ ಎಲ್ಲರೂ ಐನ್‌ಮನೆಗೆ ಬಂದಾಗ, ಮದುವೆಯಲ್ಲಿ ಸಿಕ್ಕಾಗ ಮಾಡಿಬಿಡಿ.

ಹಂತ 8: ಸ್ವಂತ ಸರ್ವರ್ ಇಡುವ ಆಸೆ

ಯಾರು ಬೇಕಾದರೂ ತಮ್ಮದೇ ಸಂದೇಶ ಸರ್ವರ್ ನಡೆಸಲು ಆಗುವ ಮ್ಯಾಟ್ರಿಕ್ಸ್‌ನಂಥ ವ್ಯವಸ್ಥೆ ಬಳಸಿ ತೋಟದ ಕಚೇರಿಯಲ್ಲೇ ಸರ್ವರ್ ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ತಾಂತ್ರಿಕವಾಗಿ ಆಗುತ್ತದೆ, ನಾನು ಬೇಡ ಎನ್ನುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಜೊತೆಗೆ ಚೀಟಿಗಳೆಲ್ಲ ನಿಮ್ಮ ಬಳಿಯೇ ಇರುವುದರಿಂದ ಎರಡನೆಯ ಹಂತದಲ್ಲಿ ಹೇಳಿದ ಆದೇಶ ನೇರ ನಿಮ್ಮ ಹೆಸರಿಗೇ ಬರುತ್ತದೆ.

ಹಂತ 9: ಗುಟ್ಟು ಬೇಡವಾದ ಹೊತ್ತು

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ದಾರಿಗಳು ಕಡಿದವು, ಎಷ್ಟೋ ಕಡೆ ನೆಟ್‌ವರ್ಕ್ ಸತ್ತಿತು. ಮಕ್ಕಂದೂರು, ಜೋಡುಪಾಲದ ಕಡೆಯವರಿಗಾಗಿ ಪರದಾಡಿದವರಿಗೆ ಒಂದು ಎಸ್‌ಎಂಎಸ್ ಬಂದಿದ್ದರೂ ಸಾಕಾಗಿತ್ತು. ತುರ್ತಿನಲ್ಲಿ ಯಾವ ದಾರಿ ಸಿಗುತ್ತದೋ ಅದನ್ನೇ ಬಳಸಿ, ಸಾದಾ ಕರೆ, ಎಸ್‌ಎಂಎಸ್, 112. ತೋಟಕ್ಕೆ ಆನೆ ಇಳಿದಿದೆ ಎಂಬ ಗುಂಪಿನ ಸಂದೇಶಕ್ಕೂ ಯಾವ ಮುಚ್ಚುಮರೆ ಬೇಡ, ಅದು ಎಷ್ಟು ಜನರಿಗೆ ತಲುಪಿದರೆ ಅಷ್ಟು ಒಳ್ಳೆಯದು.

ಅಕ್ಕನ ಹಾಳೆ ಈಗ ಹೀಗಿದೆ. ಹೋಂಸ್ಟೇ ಬುಕಿಂಗ್ ವಾಟ್ಸ್‌ಆ್ಯಪ್‌ನಲ್ಲೇ ಉಳಿದಿದೆ, ಬ್ಯಾಕಪ್‌ಗೆ ಬೀಗ ಬಿದ್ದಿದೆ. ಪಾಸ್‌ಪೋರ್ಟಿನ ಚಿತ್ರ ಸಿ ಫಾರಂ ಸಲ್ಲಿಕೆಯಾದ ಕೂಡಲೇ ಅಳಿಯುತ್ತದೆ. ವಕೀಲರ ಜೊತೆಗಿನ ಮಾತು ಸಿಗ್ನಲ್‌ಗೆ ಬಂದಿದೆ, ನಾಲ್ಕು ವಾರಕ್ಕೆ ಅಳಿಯುವಂತೆ ಹೊಂದಿಸಿದ್ದಾರೆ. ನ್ಯಾಯಾಲಯಕ್ಕೆ ಬೇಕಾದ ಪತ್ರಗಳನ್ನು ಪ್ರೋಟಾನ್‌ನಿಂದ ಇಳಿಸಿ ಡ್ರೈವ್‌ನಲ್ಲಿ ಒಂದು ಪ್ರತಿ, ಮುದ್ರಿಸಿ ಕಪಾಟಿನಲ್ಲಿ ಒಂದು ಪ್ರತಿ ಇಟ್ಟಿದ್ದಾರೆ. ಮಗನ ನಂಬರ್, ವಕೀಲರ ನಂಬರ್ ಮತ್ತು ಪಕ್ಕದ ತೋಟದ ಲ್ಯಾಂಡ್‌ಲೈನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾರೆ.